ವಿಷವೇರುವ ದಾರಿ: ಮಲೆನಾಡಿನ ಹಾವುಕಡಿತದ ನಾಟಿವೈದ್ಯ ಮತ್ತು ನರದ ಅರಿವಿನ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟವು ೧೯೮೭ರಲ್ಲಿ ಸ್ಥಾಪನೆಗೊಂಡ ಕುವೆಂಪು ವಿಶ್ವವಿದ್ಯಾನಿಲಯದ ನೆಲೆಯಾಗಿ ನಾಡಿಗೆ ಪರಿಚಿತ. ಊರಿನ ಒಂದು ಕಡೆಗೆ ಭದ್ರಾ ಜಲಾಶಯವೂ ಅದರಾಚೆಗೆ ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡೂ ಇವೆ. ಮತ್ತೊಂದು ಕಡೆಗೆ ನಾಲೆಯ ನೀರುಂಡ ಗದ್ದೆ, ಅಡಿಕೆ ತೋಟಗಳು ಹಬ್ಬಿವೆ. ಗದ್ದೆಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಕಾಡಂಚಿನ ಇಂತಹ ಊರುಗಳಲ್ಲಿ ಹಾವುಕಡಿತವು ಎಂದೋ ಒಮ್ಮೆ ಕೇಳಿಬರುವ ಸುದ್ದಿಯಲ್ಲ, ಮಳೆಗಾಲದ ಬದುಕಿನ ಒಂದು ಭಾಗ. ಅದನ್ನು ಕುರಿತ ಮಾತಿನಲ್ಲಿ ಎರಡು ಕ್ರಿಯಾಪದಗಳು ತಪ್ಪದೆ ಬರುತ್ತವೆ: ವಿಷ 'ಏರುತ್ತದೆ', ವಿಷ 'ಇಳಿಯುತ್ತದೆ'. ನಾಟಿವೈದ್ಯನು ಮಾಡುವ ಕೆಲಸಕ್ಕೆ 'ವಿಷ ಇಳಿಸುವುದು' ಎಂದೇ ಹೆಸರು. ಮಂತ್ರಗಳೂ ವಿಷವನ್ನೇ ಎದುರಿಗಿಟ್ಟುಕೊಂಡು ಅದಕ್ಕೆ ಇಳಿಯುವಂತೆ ಆಜ್ಞಾಪಿಸುತ್ತವೆ.

ಏರುವುದಾದರೆ ಯಾವ ದಾರಿಯಲ್ಲಿ ಏರುತ್ತದೆ? ಜನಪದರ ಉತ್ತರ ಸರಳವಾದುದು: ನರದಲ್ಲಿ. ಕಚ್ಚಿದ ಕಾಲಿನಿಂದ ನರ ಹಿಡಿದು ಮೇಲೇರಿ, ಎದೆ ದಾಟಿ, ನೆತ್ತಿ ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲ. ಈ ಕಲ್ಪನೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ದೇಶೀಯ ಜ್ಞಾನವೆಂದು ತಲೆಯ ಮೇಲೆ ಹೊತ್ತುಕೊಳ್ಳುವುದೂ ಅಷ್ಟೇ ಸುಲಭ. ಜಾನಪದ ಅಧ್ಯಯನದಲ್ಲಿ ಎರಡನೆಯದೇ ಹೆಚ್ಚು ನಡೆದಿದೆ. ನರವೆಂದರೇನು, ಅದರಲ್ಲಿ ಹರಿಯುವುದೇನು ಎಂಬುದು ತಿಳಿದುಬಂದ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಜನಪದರು ಕಂಡದ್ದರಲ್ಲಿ ಎಷ್ಟು ನಿಜ, ಕಲ್ಪಿಸಿದ್ದರಲ್ಲಿ ಎಷ್ಟು ತಪ್ಪು ಎಂಬುದು ಬೇರ್ಪಡುತ್ತದೆ. ಹಾವಿನ ವಿಷವೇ ನರವಿಜ್ಞಾನದ ಒಂದು ಮುಖ್ಯ ಉಪಕರಣವಾಗಿದ್ದುದರಿಂದ ಈ ಹೋಲಿಕೆ ಹೊರಗಿನಿಂದ ತಂದು ಹೇರಿದ್ದೂ ಅಲ್ಲ.

ಮೊದಲು ಪದವನ್ನು ನೋಡಬಹುದು. ಕನ್ನಡದ ಆಡುಮಾತಿನಲ್ಲಿ 'ನರ' ಒಂದೇ ವಸ್ತುವಲ್ಲ. ಕೋಪಗೊಂಡವನ ಕತ್ತಿನಲ್ಲಿ ಉಬ್ಬುವ ನರ ರಕ್ತನಾಳ. ಭಾರ ಎತ್ತಿದಾಗ ಹಿಡಿದುಕೊಳ್ಳುವ ನರ ಸ್ನಾಯು ಅಥವಾ ಸ್ನಾಯುರಜ್ಜು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ನರ ಮತ್ತೆ ರಕ್ತನಾಳ. ನರದೌರ್ಬಲ್ಯದ ನರ ಮಾತ್ರ ವೈದ್ಯರು ಹೇಳುವ ನರಕ್ಕೆ ಹತ್ತಿರ. ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿ ಕೋಶವು ಕನ್ನಡದ ನರವನ್ನು ತಮಿಳಿನ 'ನರಂಬು'ವಿನೊಂದಿಗೆ ಇಡುತ್ತದೆ. ತಮಿಳಿನಲ್ಲಿ ಆ ಪದಕ್ಕೆ ಯಾಳ್ ಎಂಬ ವಾದ್ಯದ ತಂತಿ ಎಂಬ ಅರ್ಥವೂ ಉಂಟು. ಗ್ರೀಕರ 'ನ್ಯೂರಾನ್' ಕೂಡ ಮೊದಲಿಗೆ ಸ್ನಾಯುರಜ್ಜು, ಬಿಲ್ಲಿನ ಹೆದೆ ಎಂಬ ಅರ್ಥದ ಪದವೇ. ಸಂಬಂಧವಿಲ್ಲದ ಎರಡು ಭಾಷಾಕುಲಗಳು ಮೈಯೊಳಗಿನ ಬಿಳಿಯ ಎಳೆಗಳನ್ನು ಕಂಡು ಬಿಗಿದ ತಂತಿಯನ್ನು ನೆನೆದವು. ಬೇಟೆಗಾರನಿಗೂ ಕಟುಕನಿಗೂ ಕೈಗೆ ಸಿಗುವುದು ಎಳೆಯೇ. ಅದು ಎಳೆಯುತ್ತದೆಯೇ, ಹರಿಸುತ್ತದೆಯೇ, ಸುದ್ದಿ ಒಯ್ಯುತ್ತದೆಯೇ ಎಂಬುದು ಕಣ್ಣಿಗೆ ಕಾಣುವಂತಹುದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹಿರೋಫಿಲಸ್ ಮತ್ತು ಇರಾಸಿಸ್ಟ್ರೇಟಸ್ ಶವಗಳನ್ನು ಸೀಳಿ ನೋಡಿದ ಮೇಲೆಯೇ ಗ್ರೀಕ್ ವೈದ್ಯದಲ್ಲಿ ನರ ಬೇರೆ, ರಜ್ಜು ಬೇರೆ ಎಂಬ ವಿವೇಚನೆ ಮೂಡಿತು.

ಭಾರತೀಯ ವೈದ್ಯವು ವಿಷವನ್ನು ಅಗದತಂತ್ರ ಎಂಬ ಪ್ರತ್ಯೇಕ ಅಂಗವಾಗಿ ಬೆಳೆಸಿತು. ಸುಶ್ರುತಸಂಹಿತೆಯ ಕಲ್ಪಸ್ಥಾನವು ಹಾವುಗಳನ್ನು ಹೆಡೆಯುಳ್ಳ ದರ್ವೀಕರ, ಮಂಡಲಗಳುಳ್ಳ ಮಂಡಲೀ, ಗೆರೆಗಳುಳ್ಳ ರಾಜಿಮಂತ ಎಂದು ವಿಂಗಡಿಸುತ್ತದೆ. ಇಂದಿನ ಹೆಸರಿನಲ್ಲಿ ನಾಗರ, ಮಂಡಲ, ಕಟ್ಟುಹಾವು. ಕರಾವಳಿಯ ಕಡೆ ಕಟ್ಟುಹಾವನ್ನು ಕಡಂಬಳವೆನ್ನುತ್ತಾರೆ. ಕೊಳಕುಮಂಡಲ ಎಂಬ ಕನ್ನಡದ ಹೆಸರಿನಲ್ಲಿ ಆ ಹಳೆಯ ವರ್ಗೀಕರಣ ಇಂದಿಗೂ ಜೀವಂತವಾಗಿದೆ. ದರ್ವೀಕರದ ವಿಷ ವಾತವನ್ನೂ ಮಂಡಲಿಯದು ಪಿತ್ತವನ್ನೂ ರಾಜಿಮಂತದ್ದು ಕಫವನ್ನೂ ಕೆರಳಿಸುತ್ತದೆಂಬುದು ಅಲ್ಲಿನ ಸಿದ್ಧಾಂತ. ಸಿದ್ಧಾಂತವನ್ನು ಬದಿಗಿಟ್ಟು ಲಕ್ಷಣಗಳನ್ನಷ್ಟೇ ಓದಿದರೆ ಆಶ್ಚರ್ಯವಾಗುತ್ತದೆ. ಉರಿ, ಬಾವು, ರಕ್ತಸ್ರಾವಗಳು ಮಂಡಲಿಯ ಪಾಲಿಗೆ ಬಂದರೆ, ಬಾಯಲ್ಲಿ ಜೊಲ್ಲು ಸೋರುವುದು, ಗಂಟಲು ಗೊರಗುಟ್ಟುವುದು, ಉಸಿರು ಕಟ್ಟುವುದು ರಾಜಿಮಂತದ ಪಾಲಿಗೆ ಬರುತ್ತವೆ. ನುಂಗುವ ಶಕ್ತಿ ಹೋದವನ ಬಾಯಲ್ಲಿ ಜೊಲ್ಲು ನಿಲ್ಲುವುದನ್ನು ಕಂಡವರೇ ಇದನ್ನು ಬರೆದಿದ್ದಾರೆ. ವಿಷ ಏಳು 'ವೇಗ'ಗಳಲ್ಲಿ ಧಾತುವಿನಿಂದ ಧಾತುವಿಗೆ ಮುನ್ನಡೆಯುತ್ತದೆಂಬ ಮಾತೂ ಅಲ್ಲಿದೆ. ಕನ್ನಡದ ಪಠ್ಯಪುಸ್ತಕಗಳು ನರದಲ್ಲಿ ಹರಿಯುವ ಸಂಕೇತವನ್ನು 'ನರಾವೇಗ' ಎಂದು ಕರೆಯುವುದರಿಂದ ಇವೆರಡನ್ನೂ ಒಂದೇ ಎನ್ನುವ ಉತ್ಸಾಹಿಗಳು ಇದ್ದಾರು. ಪದ ಒಂದಾದ ಮಾತ್ರಕ್ಕೆ ವಿಷಯ ಒಂದಾಗುವುದಿಲ್ಲ.

ಕನ್ನಡದಲ್ಲಿ ಈ ಪರಂಪರೆಯ ದೊಡ್ಡ ದಾಖಲೆ ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ. ಸುಮಾರು ೧೩೬೦ರ ಈ ಜೈನ ಕವಿ ಸ್ಥಾವರ, ಜಂಗಮ ಎಂಬ ಎರಡೂ ಬಗೆಯ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕಾವ್ಯದ ಧಾಟಿಯಲ್ಲಿ ವಿವರಿಸಿದ್ದಾನೆ. ಖಗೇಂದ್ರನೆಂದರೆ ಗರುಡ, ಹಾವಿನ ವೈರಿಯ ಹೆಸರೇ ಗ್ರಂಥಕ್ಕೆ ಬಂದಿದೆ. ಔಷಧ ಮಂತ್ರಗಳೆರಡೂ ಅದರಲ್ಲಿ ಜೊತೆಯಾಗಿ ಸಾಗುತ್ತವೆ. ಹಳ್ಳಿಯ ನಾಟಿವೈದ್ಯನು ಈ ಗ್ರಂಥವನ್ನು ಓದಿರಬೇಕಿಲ್ಲ. ಆದರೆ ಕರೆಯಲು ಬಂದ 'ದೂತ'ನ ಮಾತು, ನಿಂತ ದಿಕ್ಕುಗಳಿಂದಲೇ ರೋಗಿ ಉಳಿಯುವನೋ ಇಲ್ಲವೋ ಎಂದು ಹೇಳುವ ಪದ್ಧತಿ ಶಾಸ್ತ್ರಗ್ರಂಥಗಳಲ್ಲಿಯೂ ಹಳ್ಳಿಯಲ್ಲಿಯೂ ಇರುವುದನ್ನು ನೋಡಿದರೆ, ಈ ಎರಡರ ನಡುವೆ ಕೊಡುಕೊಳೆ ನಡೆದೇ ಇತ್ತೆಂದು ತಿಳಿಯಬೇಕಾಗುತ್ತದೆ.

ನಾಟಿವೈದ್ಯದ ಆಚರಣೆಗಳು ಕರ್ನಾಟಕದ ಹಲವೆಡೆ ಸ್ಥೂಲವಾಗಿ ಒಂದೇ ಬಗೆಯವು. ಕಚ್ಚಿದ ಜಾಗದ ಮೇಲ್ಭಾಗಕ್ಕೆ ಬಿಗಿಯಾಗಿ ಕಟ್ಟು ಹಾಕುವುದು. ಗಾಯವನ್ನು ಕೊಯ್ದು ರಕ್ತ ಹರಿಸುವುದು. ವಿಷದ ಕಲ್ಲನ್ನು ಅಂಟಿಸುವುದು. ಕೋಳಿಮರಿಯನ್ನು ಗಾಯಕ್ಕೆ ಒತ್ತಿ ಹಿಡಿಯುವುದು. ಬೇವಿನ ಸೊಪ್ಪು ಅಥವಾ ಮೆಣಸಿನಕಾಯಿ ತಿನ್ನಿಸಿ ಕಹಿಯೋ ಖಾರವೋ ತಿಳಿಯುತ್ತದೆಯೇ ಎಂದು ಕೇಳುವುದು. ಬೇರಿನ ರಸ ಕುಡಿಸುವುದು. ಬೆಳಗಿನವರೆಗೆ ನಿದ್ದೆ ಬಾರದಂತೆ ಕಾಯುವುದು. ಕೊನೆಯದು ಎಲ್ಲಕ್ಕಿಂತ ಕಟ್ಟುನಿಟ್ಟಾದುದು. ರೆಪ್ಪೆ ಜೋತುಬಿತ್ತೆಂದರೆ ವಿಷ ನೆತ್ತಿಗೇರುತ್ತಿದೆಯೆಂದು ಅರ್ಥ. ಸುತ್ತ ಕುಳಿತವರು ಹೆಸರು ಹಿಡಿದು ಕೂಗುತ್ತಾರೆ, ಕೆನ್ನೆ ತಟ್ಟುತ್ತಾರೆ, ಮಾತನಾಡಿಸುತ್ತಾರೆ.

ಈ ರೆಪ್ಪೆ ಬೀಳುವುದನ್ನು ಅರಿಯಲು ಯುರೋಪಿನ ಪ್ರಯೋಗಶಾಲೆಗಳತ್ತ ಹೊರಳಬೇಕು. ಬಹಳ ಕಾಲ ಅಲ್ಲಿಯೂ ನರವೆಂದರೆ ಒಳಗೆ ಏನೋ ಹರಿಯುವ ಕೊಳವೆಯೇ ಆಗಿತ್ತು. ಗೇಲನ್ ಅದನ್ನು ಪ್ರಾಣವಾಯುವಿನಂತಹ ಚೈತನ್ಯವೆಂದ. ದೆಕಾರ್ತನೂ ಕೊಳವೆಯ ಕಲ್ಪನೆಯನ್ನು ಬಿಡಲಿಲ್ಲ. ವಿಷ ನರದಲ್ಲಿ ಏರುತ್ತದೆಂದ ಮಲೆನಾಡಿಗನು ಇವರಿಗಿಂತ ಹಿಂದೆ ಉಳಿದವನೇನಲ್ಲ. ೧೭೯೧ರಲ್ಲಿ ಗಾಲ್ವಾನಿ ಕಪ್ಪೆಯ ಕಾಲಿನ ನರಕ್ಕೂ ವಿದ್ಯುತ್ತಿಗೂ ಇರುವ ನಂಟನ್ನು ಪ್ರಕಟಿಸಿದ. ೧೮೫೦ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತದ ವೇಗವನ್ನು ಅಳೆದಾಗ ಅದು ಸೆಕೆಂಡಿಗೆ ಸುಮಾರು ೩೦ ಮೀಟರಿನ ಆಸುಪಾಸಿನಲ್ಲಿತ್ತು. ಕ್ಷಣಮಾತ್ರದ್ದೆಂದು ತಿಳಿದಿದ್ದ ಸಂಕೇತಕ್ಕೂ ಕಾಲ ಹಿಡಿಯುತ್ತದೆಂಬುದು ಅಂದು ದೊಡ್ಡ ಸುದ್ದಿ. ಬಳಿಕ ಸ್ಪೇನಿನ ರಾಮೊನ್ ಇ ಕಹಾಲ್, ಗೋಲ್ಗಿಯ ಬಣ್ಣಗಾರಿಕೆಯನ್ನೇ ಬಳಸಿ, ನರಮಂಡಲವು ಹೆಣೆದುಕೊಂಡ ಒಂದೇ ಬಲೆಯಲ್ಲ, ಬಿಡಿಬಿಡಿ ಕೋಶಗಳ ಸಮುದಾಯವೆಂದು ತೋರಿಸಿದ. ಒಂದೇ ಬಲೆಯೆಂದು ಹಟ ಹಿಡಿದಿದ್ದ ಗೋಲ್ಗಿಗೂ ಅಲ್ಲವೆಂದ ಕಹಾಲನಿಗೂ ೧೯೦೬ರ ನೊಬೆಲ್ ಪುರಸ್ಕಾರ ಜೊತೆಯಾಗಿಯೇ ಬಂತು. ಆ ಬಿಡಿ ಕೋಶಕ್ಕೆ 'ನ್ಯೂರಾನ್' ಎಂಬ ಹೆಸರನ್ನು ೧೮೯೧ರಲ್ಲಿ ವಾಲ್ಡೇಯರ್ ಕೊಟ್ಟಿದ್ದ. ಹೆದೆಯ ಪದ ಮತ್ತೊಂದು ಅರ್ಥ ಪಡೆಯಿತು.

ನರಕೋಶಕ್ಕೆ ಒಂದು ಒಡಲು, ಸುದ್ದಿ ಪಡೆಯುವ ಕವಲುಗಳು, ಸುದ್ದಿ ಒಯ್ಯುವ ಒಂದು ಉದ್ದನೆಯ ಅಕ್ಷತಂತು ಇರುತ್ತವೆ. ಕಾಲ್ಬೆರಳಿನ ಸ್ನಾಯುವನ್ನು ಆಳುವ ಕೋಶದ ಒಡಲು ಬೆನ್ನುಹುರಿಯಲ್ಲಿದ್ದರೆ, ಅದರ ತಂತು ಪಾದದವರೆಗೆ ಮೀಟರಿನಷ್ಟು ಉದ್ದ ಚಾಚಿರುತ್ತದೆ. ಕೋಶದ ಪೊರೆಯ ಹೊರಗೆ ಸೋಡಿಯಂ, ಒಳಗೆ ಪೊಟ್ಯಾಸಿಯಂ ಹೆಚ್ಚಾಗಿರುವಂತೆ ಕೋಶವು ಸದಾ ಶಕ್ತಿ ವ್ಯಯಿಸಿ ನೋಡಿಕೊಳ್ಳುತ್ತದೆ. ಆದ್ದರಿಂದ ಸುಮ್ಮನಿರುವ ತಂತುವಿನ ಒಳಭಾಗವು ಹೊರಗಿಗಿಂತ ಸುಮಾರು ೭೦ ಮಿಲಿವೋಲ್ಟ್‌ನಷ್ಟು ಋಣಾತ್ಮಕವಾಗಿರುತ್ತದೆ. ಪ್ರಚೋದನೆ ಒಂದು ಮಟ್ಟ ದಾಟಿದೊಡನೆ ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ, ಆ ಜಾಗ ಧನಾತ್ಮಕವಾಗುತ್ತದೆ. ಮರುಕ್ಷಣ ಪೊಟ್ಯಾಸಿಯಂ ಹೊರಹೋಗಿ ಮೊದಲಿನ ಸ್ಥಿತಿ ಮರಳುತ್ತದೆ. ಇದೆಲ್ಲ ಸೆಕೆಂಡಿನ ಸಾವಿರದೊಂದು ಭಾಗದಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಒಂದೆಡೆ ಬಾಗಿಲು ತೆರೆದದ್ದು ಪಕ್ಕದ ಬಾಗಿಲು ತೆರೆಯಲು ಕಾರಣವಾಗುತ್ತ ಸಂಕೇತ ಮುಂದೆ ಸಾಗುತ್ತದೆ. ಸೋಡಿಯಂ ಪೊರೆಯ ಅಡ್ಡಕ್ಕೆ ಚಲಿಸುತ್ತದೆಯೇ ಹೊರತು ಕಾಲಿನಿಂದ ತಲೆಗೆ ಪ್ರಯಾಣ ಮಾಡುವುದಿಲ್ಲ. ಕೈಯಿಂದ ಕೈಗೆ ದಾಟುವ ಬುಟ್ಟಿಯಂತೆಯೂ ಅಲ್ಲ. ಸಾಲಿನಲ್ಲಿ ನಿಂತವರು ಒಬ್ಬರ ನಂತರ ಒಬ್ಬರು ಎದ್ದು ಕುಳಿತಂತೆ. ಹಾಜ್‌ಕಿನ್ ಮತ್ತು ಹಕ್ಸ್ಲಿ ಕಡಲಿನ ಸ್ಕ್ವಿಡ್ ಎಂಬ ಜೀವಿಯ ದಪ್ಪ ತಂತುವಿನಲ್ಲಿ ಇದನ್ನು ಅಳೆದು ೧೯೫೨ರಲ್ಲಿ ಗಣಿತದ ಸಮೀಕರಣಗಳಲ್ಲಿ ನಿರೂಪಿಸಿದರು. ಕೊಬ್ಬಿನ ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಈ ಸಂಕೇತ ಸೆಕೆಂಡಿಗೆ ನೂರು ಮೀಟರನ್ನೂ ಮೀರುತ್ತದೆ.

ವಿಷವೇ ಈ ದಾರಿ ಹಿಡಿದು ಇಷ್ಟು ವೇಗದಲ್ಲಿ ಏರುವಂತಿದ್ದರೆ ನಾಟಿವೈದ್ಯನಿಗೆ ಕಟ್ಟು ಹಾಕಲೂ ಸಮಯವಿರುತ್ತಿರಲಿಲ್ಲ. ವಿಷ ಹರಡುವುದು ದುಗ್ಧರಸ ಮತ್ತು ರಕ್ತದ ಮೂಲಕ, ನಿಧಾನವಾಗಿ. ನರ ವಿಷದ ದಾರಿಯಲ್ಲ. ನರದ ತುದಿ ವಿಷ ತಲುಪುವ ಜಾಗ.

ಆ ತುದಿಯಲ್ಲಿ ಒಂದು ಸಂದು ಇದೆ. ನರತಂತು ಸ್ನಾಯುವನ್ನು ಮುಟ್ಟುವುದಿಲ್ಲ. ಮಿಲಿಮೀಟರಿನ ಹತ್ತಾರು ಸಾವಿರದಲ್ಲೊಂದು ಭಾಗದಷ್ಟು ತೆರಪು ನಡುವೆ ಉಳಿಯುತ್ತದೆ. ವಿದ್ಯುತ್ ಸಂಕೇತ ಅಲ್ಲಿಗೆ ನಿಲ್ಲುತ್ತದೆ. ತುದಿಯಲ್ಲಿ ಪುಟ್ಟ ಚೀಲಗಳಲ್ಲಿ ತುಂಬಿಟ್ಟ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತೆರಪಿಗೆ ಚೆಲ್ಲಿ, ಎದುರಿನ ಸ್ನಾಯುವಿನ ಮೇಲಿರುವ ಗ್ರಾಹಿಗಳಿಗೆ ಕೂಡಿಕೊಂಡು, ಸ್ನಾಯು ಸಂಕುಚಿಸುವಂತೆ ಮಾಡುತ್ತದೆ. ನರಗಳು ರಾಸಾಯನಿಕದ ಮೂಲಕ ಮಾತನಾಡುತ್ತವೆಂಬುದನ್ನು ಆಟೋ ಲೋವಿ ೧೯೨೧ರಲ್ಲಿ ಕಪ್ಪೆಯ ಹೃದಯಗಳ ಮೇಲಿನ ಪ್ರಯೋಗದಿಂದ ತೋರಿಸಿದ. ಇದಕ್ಕೆ ಅರ್ಧ ಶತಮಾನದ ಹಿಂದೆಯೇ ಈ ಸಂದಿನತ್ತ ಬೆರಳು ತೋರಿದ್ದು ಭಾರತದ ನಾಗರಹಾವು. ಕಲ್ಕತ್ತೆಯಲ್ಲಿ ವೈದ್ಯನಾಗಿದ್ದ ಜೋಸೆಫ್ ಫೇರರ್ ೧೮೭೨ರಲ್ಲಿ ಇಲ್ಲಿನ ವಿಷದ ಹಾವುಗಳನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದ. ಅದೇ ದಶಕದಲ್ಲಿ ಅವನೂ ಲಾಡರ್ ಬ್ರಂಟನ್ನನೂ ಸೇರಿ ನಡೆಸಿದ ಪ್ರಯೋಗಗಳಲ್ಲಿ ನಾಗರದ ವಿಷವು ದಕ್ಷಿಣ ಅಮೆರಿಕದ ಬಾಣವಿಷ ಕ್ಯುರಾರೆಯಂತೆ ಚಲನೆಯ ನರಗಳ ತುದಿಗಳನ್ನು ನಿಶ್ಚೇಷ್ಟಗೊಳಿಸುವುದು ಕಂಡುಬಂತು. ಕೃತಕವಾಗಿ ಉಸಿರಾಡಿಸಿದರೆ ಪ್ರಾಣಿ ಹೆಚ್ಚು ಕಾಲ ಬದುಕುತ್ತದೆಂಬುದೂ ತಿಳಿಯಿತು.

ಕಟ್ಟುಹಾವಿನ ಪಾತ್ರ ಇದಕ್ಕಿಂತ ದೊಡ್ಡದು. ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ೧೯೬೩ರಲ್ಲಿ ಅಲ್ಲಿನ ಕಟ್ಟುಹಾವಿನ ವಿಷದಿಂದ ಬಂಗರೋಟಾಕ್ಸಿನ್‌ಗಳನ್ನು ಬೇರ್ಪಡಿಸಿದರು. ಆಲ್ಫಾ ಎಂಬುದು ಸ್ನಾಯುವಿನ ಗ್ರಾಹಿಗೆ ಬಿಡದಂತೆ ಅಂಟಿಕೊಳ್ಳುತ್ತದೆ. ೧೯೭೦ರಲ್ಲಿ ಷಾಂಜೂ ಮತ್ತು ಸಂಗಡಿಗರು ಈ ಅಂಟುಗುಣವನ್ನೇ ಹಿಡಿದು, ವಿದ್ಯುತ್ ಮೀನಿನ ಅಂಗಾಂಶದಿಂದ ಅಸಿಟೈಲ್‌ಕೋಲಿನ್ ಗ್ರಾಹಿಯನ್ನು ಗುರುತಿಸಿದರು. ಬೀಟಾ ಬಂಗರೋಟಾಕ್ಸಿನ್ ಹಾಗಲ್ಲ. ಅದು ಸಂದಿನ ಈಚೆಯ ದಡವನ್ನು, ಎಂದರೆ ನರದ ತುದಿಯನ್ನೇ ಹಾಳುಗೆಡವುತ್ತದೆ. ಚೀಲಗಳು ಬರಿದಾಗುತ್ತವೆ, ತುದಿ ನಾಶವಾಗುತ್ತದೆ. ನಾಗರಹಾವಿನ ಕಡಿತದಲ್ಲಿ ಮುಖ್ಯವಾಗಿ ಗ್ರಾಹಿಗೆ ತಡೆ ಬೀಳುವುದರಿಂದ ವಿಷನಿರೋಧಕದೊಂದಿಗೆ ನಿಯೋಸ್ಟಿಗ್ಮಿನ್‌ನಂತಹ ಔಷಧ ಕೊಟ್ಟಾಗ ಚೇತರಿಕೆ ಬೇಗ ಕಾಣಬಹುದು. ಕಟ್ಟುಹಾವಿನ ಕಡಿತದಲ್ಲಿ ಹಾಳಾದ ತುದಿ ಮತ್ತೆ ಬೆಳೆಯಬೇಕು. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ವಿಷನಿರೋಧಕ ಚುಚ್ಚುಮದ್ದು ರಕ್ತದಲ್ಲಿ ಇನ್ನೂ ಬಿಡಿಯಾಗಿರುವ ವಿಷವನ್ನು ಹಿಡಿಯಬಲ್ಲದು, ಆಗಿಹೋದ ನಾಶವನ್ನು ಸರಿಪಡಿಸಲಾರದು. ಅಷ್ಟು ದಿನ ಯಂತ್ರ ಉಸಿರಾಡಿಸಬೇಕು.

ಈಗ ಜಾಗರಣೆಯ ಮನೆಗೆ ಮರಳಬಹುದು. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಹಲ್ಲು ಚಿಕ್ಕದು, ಗಾಯ ಕಾಣದು, ನೋವು ಬಾವು ಇಲ್ಲವೆನ್ನುವಷ್ಟು ಕಡಿಮೆ. ಹಲವರು ಹೊಟ್ಟೆನೋವೆಂದು ಏಳುತ್ತಾರೆ. ಗಂಟೆಗಳು ಕಳೆದ ಮೇಲೆ ರೆಪ್ಪೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಎದೆಯ ಸ್ನಾಯುಗಳು ಸೋಲುತ್ತವೆ. ಕಣ್ಣಿನ ಸ್ನಾಯುಗಳಿಗೆ ಸಂದಿನಲ್ಲಿರುವ ಮೀಸಲು ಬಲ ಕಡಿಮೆಯಾದ್ದರಿಂದ ಅವು ಮೊದಲು ಸೋಲುತ್ತವೆ. ವಿಷ ನೆತ್ತಿಗೆ ಏರಿದ್ದರ ಗುರುತೆಂದು ಜನಪದರು ಓದಿದ ಲಕ್ಷಣ ಇದು. ಕ್ರಮವನ್ನು ಅವರು ತಪ್ಪಾಗಿ ನೋಡಿರಲಿಲ್ಲ. ರೆಪ್ಪೆಯನ್ನು ಕಾಯಬೇಕೆಂಬುದು ನಿಖರವಾದ ಅವಲೋಕನ. ಇಂದಿನ ವೈದ್ಯರೂ ಮೊದಲು ನೋಡುವುದು ರೆಪ್ಪೆಯನ್ನೇ. ತಪ್ಪಿದ್ದು ಅರ್ಥೈಸುವಲ್ಲಿ. ರೋಗಿಗೆ ನಿದ್ದೆ ಬಂದಿರುವುದಿಲ್ಲ. ಈ ವಿಷದ ಅಣುಗಳು ಮಿದುಳಿನೊಳಕ್ಕೆ ದಾಟುವುದಿಲ್ಲವಾದ್ದರಿಂದ ಅವನಿಗೆ ಎಚ್ಚರವಿರುತ್ತದೆ, ಕೂಗುವುದು ಕೇಳಿಸುತ್ತಿರುತ್ತದೆ, ಓಗೊಡಲು ಸ್ನಾಯುವಿಲ್ಲ.

ಬೇವಿನ ಪರೀಕ್ಷೆಯ ದೋಷವೂ ಇಲ್ಲಿಯೇ ತಿಳಿಯುತ್ತದೆ. ರುಚಿಯನ್ನು ಒಯ್ಯುವುದು ಸಂವೇದನೆಯ ನರ. ವಿಷ ಹಿಡಿಯುವುದು ಚಲನೆಯ ನರದ ತುದಿಯನ್ನು. ಕಹಿ ತಿಳಿಯಿತೆಂದು ಮನೆಯವರು ನಿಶ್ಚಿಂತರಾಗುವುದಕ್ಕೆ ಆಧಾರವಿಲ್ಲ. ಇನ್ನೂ ಘೋರವಾದುದು ರಸ ಕುಡಿಸುವುದು. ನುಂಗುವ ಸ್ನಾಯು ಸೋಲುತ್ತಿರುವವನ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಬಿಗಿಯಾದ ಕಟ್ಟು ಅಂಗವನ್ನು ಕೊಳೆಸಬಹುದು. ಮಂಡಲದ ಹಾವು ಕಚ್ಚಿದವನ ರಕ್ತ ಹೆಪ್ಪುಗಟ್ಟದಿರುವಾಗ ಗಾಯ ಕೊಯ್ಯುವುದು ನೇರವಾಗಿ ಅಪಾಯ.

ಸತ್ತಂತೆ ಬಿದ್ದು ಎಚ್ಚರವಾಗಿರುವ ಈ ಸ್ಥಿತಿ ಕಥನಪರಂಪರೆಯನ್ನು ತಟ್ಟದೆ ಹೋಗಿರಲಾರದು. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವ ಮತ್ತೆ ಜೀವ ಪಡೆಯುತ್ತಾನೆ. ಬಂಗಾಳದ ಮನಸಾ ಕಥೆಗಳಲ್ಲಿ ಬೇಹುಲಾ ಗಂಡನ ಶವವನ್ನು ತೆಪ್ಪದಲ್ಲಿ ಒಯ್ದು ಬದುಕಿಸಿಕೊಳ್ಳುತ್ತಾಳೆ. ಇವಕ್ಕೆ ಧರ್ಮದ, ಭಕ್ತಿಯ ಕಾರಣಗಳು ಬೇರೆ ಇವೆ. ಶರೀರಶಾಸ್ತ್ರದಿಂದ ಹುಟ್ಟಿದ ಕಥೆಗಳೆಂದು ಹೇಳುವುದು ಅತಿಯಾದೀತು. ಆದರೂ ಮರಳಿ ಬರಬಹುದಾದ ಸಾವುಗಳಲ್ಲಿ ಹಾವಿನ ಸಾವು ಮೊದಲ ಸಾಲಿನಲ್ಲಿರುವುದು ಗಮನಿಸತಕ್ಕದ್ದು.

ನಾಟಿವೈದ್ಯನು ಬದುಕಿಸಿದ್ದಾನೆಂಬ ನಂಬಿಕೆಗೆ ತಳಹದಿ ಏನು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೫೪ ಲಕ್ಷ ಮಂದಿಗೆ ಹಾವು ಕಚ್ಚಿದರೆ, ಮೈಗೆ ವಿಷವೇರುವುದು ೧೮ರಿಂದ ೨೭ ಲಕ್ಷ ಮಂದಿಗೆ. ಕೇರೆ, ನೀರುಹಾವುಗಳ ಕಡಿತ, ವಿಷದ ಹಾವೇ ವಿಷ ಬಿಡದೆ ಕಚ್ಚಿದ 'ಒಣ' ಕಡಿತ ಇವೆಲ್ಲ ಉಳಿದ ಲೆಕ್ಕಕ್ಕೆ ಸೇರುತ್ತವೆ. ಅಂದರೆ ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಏನೂ ಮಾಡದಿದ್ದರೂ 'ವಿಷ ಇಳಿಯುತ್ತದೆ'. ಬದುಕಿದವನು ಊರೂರಿಗೆ ಹೇಳುತ್ತಾನೆ. ಸತ್ತವನ ಸುದ್ದಿ 'ದೂತಲಕ್ಷಣ ಸರಿಯಿರಲಿಲ್ಲ', 'ಆಯಸ್ಸು ಮುಗಿದಿತ್ತು' ಎಂಬಲ್ಲಿಗೆ ನಿಲ್ಲುತ್ತದೆ. ಕ್ಷೇತ್ರಕಾರ್ಯದ ದಾಖಲಾತಿಗೂ ಸಿಕ್ಕಿರುವುದು ಬದುಕಿದವರ ಹೇಳಿಕೆಯೇ. ಗಿಡಮೂಲಿಕೆಯ ಪಟ್ಟಿ, ಮಂತ್ರದ ಪಾಠಾಂತರಗಳು ಎಚ್ಚರದಿಂದ ಸಂಗ್ರಹವಾಗಿವೆ. ಕಚ್ಚಿದ ಹಾವು ಯಾವುದು, ರೋಗಿ ಏನಾದ ಎಂಬ ಅಂಕಣ ಖಾಲಿ. ಇದು ಜಾನಪದ ವಿದ್ವತ್ತಿನ ಸಣ್ಣ ಲೋಪವಲ್ಲ. ೨೦೨೦ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ೨೦೦೦ರಿಂದ ೨೦೧೯ರವರೆಗೆ ಭಾರತದಲ್ಲಿ ಹಾವುಕಡಿತದಿಂದ ಸತ್ತವರು ಸುಮಾರು ೧೨ ಲಕ್ಷ, ವರ್ಷಕ್ಕೆ ಸರಾಸರಿ ೫೮,೦೦೦.

೨೦೨೪ ಈ ಚರಿತ್ರೆಯಲ್ಲಿ ಹಲವು ಘಟನೆಗಳು ಕೂಡಿಬಂದ ವರ್ಷ. ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದೇ ತಿಂಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಪಾಲ್ಗೊಂಡ ತಂಡವೊಂದು ನಾಗರ, ಮಾಂಬಾ ಮೊದಲಾದ ಹಾವುಗಳ ಒಂದು ಬಗೆಯ ಆಲ್ಫಾ ನರವಿಷವನ್ನು ತಡೆಯುವ ಪ್ರತಿಕಾಯವನ್ನು ಪ್ರಕಟಿಸಿತು. ಇಲಿಗಳಲ್ಲಿ ಅದು ಫಲ ಕೊಟ್ಟಿದೆ. ಸಂದಿನ ಈಚೆಯ ದಡವನ್ನು ಕೆಡಿಸುವ ಬೀಟಾ ವಿಷ ಅದರ ವ್ಯಾಪ್ತಿಗೆ ಬಾರದು. ಅದೇ ವರ್ಷ ಪಶ್ಚಿಮ ಘಟ್ಟದ ಕಾಳಿಂಗ ಸರ್ಪ ಪ್ರತ್ಯೇಕ ಪ್ರಭೇದವೆಂದು ಗುರುತಿಸಲ್ಪಟ್ಟು, ಅದಕ್ಕೆ 'ಒಫಿಯೋಫೇಗಸ್ ಕಾಳಿಂಗ' ಎಂಬ ಹೆಸರು ಬಂತು. ಆಗುಂಬೆಯ ಕಾಡಿನ ಹಾವಿಗೆ ಜನರಿಟ್ಟ ಕನ್ನಡದ ಹೆಸರು ಲ್ಯಾಟಿನ್ ಪಟ್ಟಿಯಲ್ಲಿ ಕುಳಿತಿದೆ.

ಕಡ್ಡಾಯ ವರದಿಯ ವ್ಯವಸ್ಥೆ ಆರಂಭವಾಗುವುದು ಆಸ್ಪತ್ರೆಯ ಬಾಗಿಲಿನಿಂದ. ಅದಕ್ಕೆ ಮುಂಚಿನ ಗಂಟೆಗಳು, ಎಂದರೆ ಭದ್ರಾವತಿ ತಾಲ್ಲೂಕಿನ ಮನೆಯಿಂದ ಹೊರಟು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಟ್ಟುವವರೆಗಿನ ಹೊತ್ತು, ನಾಟಿವೈದ್ಯನ ಜಗಲಿಯಲ್ಲಿ ಕಳೆದಿರಬಹುದು. ಆ ಹೊತ್ತನ್ನು ಬರೆದಿಡಬಲ್ಲವರು ಜಾನಪದ ಕ್ಷೇತ್ರಕಾರ್ಯಕರ್ತರೇ. ಯಾವ ಹಾವು, ಎಷ್ಟು ಹೊತ್ತಿಗೆ ಕಚ್ಚಿತು, ಯಾರನ್ನು ಮೊದಲು ಕರೆದರು, ಏನು ಕುಡಿಸಿದರು, ರೆಪ್ಪೆ ಬಿದ್ದದ್ದು ಎಷ್ಟು ಗಂಟೆಗೆ, ವಾಹನ ಸಿಕ್ಕಿದ್ದು ಯಾವಾಗ: ಇವನ್ನು ಮಂತ್ರದ ಪಾಠದ ಪಕ್ಕದಲ್ಲಿಯೇ, ಬದುಕಿದವರ ಮನೆಯಲ್ಲಿಯೂ ಸತ್ತವರ ಮನೆಯಲ್ಲಿಯೂ ಕೇಳಿ ಬರೆದುಕೊಳ್ಳಬೇಕಾಗಿದೆ.